ಮಳೆಗಾಲದ ಬೆಳಗ್ಗೆ ಪಿಎಂ 2.5 ನೂರೈವತ್ತು, ಕೋರೆಯ ದೂಳು ಮಾತ್ರ ಕಾಣುವುದೇ ಇಲ್ಲ: ಸೆನ್ಸರ್ ಕ್ಯಾಲಿಬ್ರೇಶನ್ ಹೇಗೆ?

ಪೆರ್ಲಪದವು ಕೇಳಿದ್ದು:

ನಮಸ್ಕಾರ. ಬದಿಯಡ್ಕ ಕಡೆಯ ನಮ್ಮ ವಾಚನಾಲಯದಿಂದ ನಾಲ್ಕು ಪೆಟ್ಟಿಗೆ ಮಾಡಿ ಕಟ್ಟಿದ್ದೇವೆ. ಒಂದೊಂದರಲ್ಲೂ ಪಿಎಂಎಸ್ 5003 ದೂಳಿನ ಸೆನ್ಸರ್, ಉಷ್ಣತೆ ಮತ್ತು ಆರ್ದ್ರತೆಗೆ (ಗಾಳಿಯ ತೇವಕ್ಕೆ) ಬಿಎಂಇ 280, ಇಎಸ್‌ಪಿ 32 ಬೋರ್ಡು (ಓದುಗಳನ್ನು ಬರೆದಿಡುವ ಸಣ್ಣ ಕಂಪ್ಯೂಟರ್). ಎರಡು ಕೆಂಪುಕಲ್ಲಿನ ಕೋರೆಯ ಹತ್ತಿರ, ಒಂದು ಕುಂಬಳೆಯಲ್ಲಿ ಹೆದ್ದಾರಿ 66ರ ಬದಿಗೆ, ಇನ್ನೊಂದು ಹೋಲಿಕೆಗೆ ಇರಲಿ ಎಂದು ಅಡಿಕೆ ತೋಟದ ನಡುವೆ.

ಬರುವ ಅಂಕಿಗಳನ್ನು ನಂಬುವ ಹಾಗಿಲ್ಲ. ಜುಲೈಯಲ್ಲಿ ಬೆಳಗ್ಗೆ 5ರಿಂದ 7ರವರೆಗೆ ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ದೂಳು) ಘನ ಮೀಟರಿಗೆ ಸುಮಾರು 150 ಮೈಕ್ರೋಗ್ರಾಂ ತೋರಿಸುತ್ತದೆ, ಮಧ್ಯಾಹ್ನಕ್ಕೆ 13ಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ತೋರಿಸುವುದು ತೋಟದ ಪೆಟ್ಟಿಗೆ. ಅಲ್ಲಿ ಆ ಹೊತ್ತಿಗೆ ವಾಹನ ಇಲ್ಲ, ಸೊಪ್ಪು ಸುಡುವವರೂ ಇಲ್ಲ. ಫೆಬ್ರವರಿಯಲ್ಲಿ ಇದರ ತದ್ವಿರುದ್ಧ. ಕಲ್ಲು ಕೊಯ್ಯುವ ಯಂತ್ರ ಓಡುವಾಗ ಪೆಟ್ಟಿಗೆಯ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪಾಗುತ್ತದೆ, ಆದರೆ ಪಿಎಂ 10 (10 ಮೈಕ್ರಾನ್‌ವರೆಗಿನ ದೂಳು) ನಲವತ್ತೈದು ದಾಟುವುದಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಟ್ಟ ಒಂದು ಸೂತ್ರ ಹಾಕಿದರೆ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು. ಮಂಗಳೂರಿನ ಕದ್ರಿಯ ಸರಕಾರಿ ವಾಯುಮಾಪನ ಕೇಂದ್ರದ ಅಂಕಿಗೆ ಹೋಲಿಸಿ ಒಂದು ಗುಣಕ ಹಾಕಿ ಎಂದು ಇನ್ನೊಬ್ಬರು. ಯಾವುದು ಸರಿ? ಕುಂಬಳೆಯ ಪೆಟ್ಟಿಗೆಗೆ ನೈಟ್ರೋಜನ್ ಡೈಆಕ್ಸೈಡಿನ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಕೂಡ ತಂದಿದ್ದೇವೆ. ಅದನ್ನು ಹೇಗೆ ಕ್ಯಾಲಿಬ್ರೇಟ್ ಮಾಡುವುದು, ಅಂದರೆ ಓದನ್ನು ಸರಿಹೊಂದಿಸುವುದು?

ಚಂದ್ರಗಿರಿ ದಡ ಬರೆದದ್ದು:

ನೀವು ಹೇಳಿದ ಎರಡು ತಪ್ಪುಗಳು ಎದುರುಬದುರು ದಿಕ್ಕಿನವು. ಅದಕ್ಕೇ ಒಂದು ಗುಣಕದಿಂದ ಎರಡೂ ಸರಿಯಾಗುವುದಿಲ್ಲ. ಒಂದನ್ನು ಇಳಿಸಿದರೆ ಇನ್ನೊಂದು ಮತ್ತಷ್ಟು ಕೆಡುತ್ತದೆ.

ಪಿಎಂಎಸ್ 5003 ತೂಕ ನೋಡುವುದಿಲ್ಲ. ಕಣದಿಂದ ಚದುರಿದ ಲೇಸರ್ ಬೆಳಕನ್ನು ನೋಡಿ ತೂಕ ಊಹಿಸುತ್ತದೆ. ಬೆಳಗ್ಗೆ ಆರ್ದ್ರತೆ 95 ಶೇಕಡಾ ಇರುವಾಗ ಕಣ ನೀರು ಹೀರಿ ಊದುತ್ತದೆ. ಸೆನ್ಸರ್‌ಗೆ ಆ ನೀರೂ ದೂಳೇ. ಎಷ್ಟು ಊದುತ್ತದೆ ಎಂಬುದಕ್ಕೆ ಬಳಕೆಯಲ್ಲಿರುವ ಅಂದಾಜು ಹೀಗೆ: ಗುಣಕ = 1 + (ಕಪ್ಪಾ ÷ 1.65) ÷ (1/ಆರ್ದ್ರತೆ − 1). ಇಲ್ಲಿ ಆರ್ದ್ರತೆಯನ್ನು 0.90 ಎಂಬಂತೆ ಬರೆಯಬೇಕು. ಕಪ್ಪಾ ಎಂದರೆ ಕಣ ನೀರು ಹೀರುವ ಗುಣ. ಮಿಶ್ರ ದೂಳಿಗೆ 0.4 ಎಂದುಕೊಳ್ಳಿ. ಆರ್ದ್ರತೆ 60 ಇದ್ದರೆ ಗುಣಕ 1.4, 80ಕ್ಕೆ 2, 90ಕ್ಕೆ 3.2, 95ಕ್ಕೆ 5.6.

ಈ ಲೆಕ್ಕದಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು, 93ಕ್ಕೆ ಗುಣಕ 4.2, 95ಕ್ಕೆ 5.6. ನಿಮ್ಮ ಆರ್ದ್ರತೆಯ ಓದು ಎರಡೇ ಅಂಕ ತಪ್ಪಿದರೂ ದೂಳಿನ ಲೆಕ್ಕ ಮೂರನೇ ಒಂದು ಪಾಲು ಆಚೀಚೆ ಆಗುತ್ತದೆ. ಎರಡನೆಯದು, ಕಪ್ಪಾ ಊರಿಗೆ ಒಂದು, ಗಾಳಿಗೆ ಒಂದು. ಸೌದೆಯ ಹೊಗೆ ಹೆಚ್ಚಿದ್ದಾಗ 0.1ರ ಹತ್ತಿರ, ಕಡಲಿನ ಉಪ್ಪು ಹೆಚ್ಚಿದ್ದಾಗ 1.1ರ ಹತ್ತಿರ. ಆರ್ದ್ರತೆ 90 ಇರುವಾಗ ಮೊದಲನೆಯದಕ್ಕೆ ಗುಣಕ 1.5, ಎರಡನೆಯದಕ್ಕೆ 7. ಪಡುಗಾಳಿ ಬೀಸುವಾಗ ಕುಂಬಳೆಯಲ್ಲಿ ಉಪ್ಪು, ಗಾಳಿ ನಿಂತ ಮುಂಜಾನೆ ಬದಿಯಡ್ಕದಲ್ಲಿ ಒಲೆಯ ಹೊಗೆ. ಒಂದೇ ಜಿಲ್ಲೆಯ ನಿಮ್ಮ ನಾಲ್ಕು ಪೆಟ್ಟಿಗೆಗೇ ಒಂದು ಕಪ್ಪಾ ಹೊಂದುವುದಿಲ್ಲ.

ಇಪಿಎ ಸೂತ್ರ ಎಂದರೆ ಇದು: 0.524 × ಓದು − 0.0862 × ಆರ್ದ್ರತೆ + 5.75. ಅಲ್ಲಿನ ಗಾಳಿಯಲ್ಲಿ ಅಲ್ಲಿನ ಕೇಂದ್ರಗಳ ಪಕ್ಕ ಇಟ್ಟು ತೆಗೆದದ್ದು. ನಿಮ್ಮ 150 ಮತ್ತು ಆರ್ದ್ರತೆ 95 ಹಾಕಿ ನೋಡಿ: 76 ಬರುತ್ತದೆ. ಆಟಿಯ ಮಳೆ ಸುರಿದು ತೊಳೆದ ಗಾಳಿಯಲ್ಲಿ, ತೋಟದ ನಡುವೆ, 76 ಇರಲು ಸಾಧ್ಯವೇ ಇಲ್ಲ. ಅದರಲ್ಲಿ ಆರ್ದ್ರತೆಯ ಪದ ಸರಳ ರೇಖೆ, ನಮ್ಮಲ್ಲಿ 85ರ ಮೇಲೆ ಆಗುವುದು ಕಡಿದಾದ ಏರು. ಇನ್ನೂ ಒಂದು: ಆ ಸೂತ್ರಕ್ಕೆ ಹಾಕಬೇಕಾದದ್ದು ಸಿಎಫ್1 ಎಂಬ ಓದು. ಪಿಎಂಎಸ್ 5003 ಕಳಿಸುವ 32 ಬೈಟಿನಲ್ಲಿ ಮೊದಲ ಮೂರು ಅಂಕಿ ಸಿಎಫ್1, ಮುಂದಿನ ಮೂರು ‘ವಾತಾವರಣ’ದ ಓದು. ಸುಮಾರು 30ರವರೆಗೆ ಎರಡೂ ಒಂದೇ. ಅದರ ಮೇಲೆ ಎರಡನೆಯದು ಕಡಿಮೆಯಾಗುತ್ತಾ ಹೋಗಿ ಮೂರರಲ್ಲಿ ಎರಡು ಪಾಲಿಗೆ ನಿಲ್ಲುತ್ತದೆ. ನಿಮ್ಮ ಪ್ರೋಗ್ರಾಂ ಯಾವುದನ್ನು ಬರೆದಿಡುತ್ತದೆ ಎಂದು ಇವತ್ತೇ ನೋಡಿ. ಎರಡನ್ನೂ ಬರೆದಿಡುವುದು ಒಳ್ಳೆಯದು. ಒಮ್ಮೆ ಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ಮೊದಲ ಕೆಲಸ ಆರ್ದ್ರತೆಯ ಸೆನ್ಸರ್. ಬಿಎಂಇ 280ನ್ನು ಇಎಸ್‌ಪಿ 32ರ ಜೊತೆ ಒಂದೇ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಅದು ಬೋರ್ಡಿನ ಬಿಸಿಯನ್ನೇ ಓದುತ್ತದೆ. ಹೊರಗೆ 97 ಇರುವಾಗ ಒಳಗೆ 85 ತೋರಿಸಬಹುದು. ತಂತಿ ಉದ್ದ ಮಾಡಿ, ಗಾಳಿಯಾಡುವ ನೆರಳಿನ ತಟ್ಟೆಗಳ ಕೆಳಗೆ ಹೊರಗೆ ತನ್ನಿ. ಆಮೇಲೆ ಉಪ್ಪಿನ ಪರೀಕ್ಷೆ. ಅಯೋಡಿನ್ ಇಲ್ಲದ ಕಲ್ಲುಪ್ಪು ಪುಡಿ ಮಾಡಿ, ಕುಪ್ಪಿಯ ಮುಚ್ಚಳದಲ್ಲಿ ಹಾಕಿ ತೊಟ್ಟು ತೊಟ್ಟು ನೀರು ಬಿಡಿ. ಒದ್ದೆ ಮರಳಿನ ಹಾಗೆ ಆಗಬೇಕು. ಮೇಲೆ ನೀರು ನಿಂತರೆ ಹೆಚ್ಚಾಯಿತು, ಇನ್ನಷ್ಟು ಉಪ್ಪು ಹಾಕಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದ ಹಾಗೆ ಇಟ್ಟು, ತಂತಿ ಹೊರಬರುವಲ್ಲಿ ಮೇಣ ಮೆತ್ತಿ, ಬಿಸಿಲು ಬೀಳದ ಕಡೆ ಒಂದು ರಾತ್ರಿ ಬಿಡಿ. 25 ಡಿಗ್ರಿಯಲ್ಲಿ ಅದರೊಳಗಿನ ಆರ್ದ್ರತೆ 75.3. ಇದೇ ರೀತಿ ಪೊಟ್ಯಾಸಿಯಂ ಸಲ್ಫೇಟ್ ಇಟ್ಟರೆ 97. ನಮ್ಮ ಮಳೆಗಾಲಕ್ಕೆ ಎರಡನೆಯ ಬಿಂದುವೇ ಮುಖ್ಯ, ಆದ್ದರಿಂದ ಅದನ್ನು ಬಿಡಬೇಡಿ. ಗೊಬ್ಬರದ ಅಂಗಡಿಯದ್ದು ಬೇಡ, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಶುದ್ಧ ಲವಣ ಕೇಳಿ.

ಎರಡನೆಯದು, ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಬಿಡುವುದು. ನಿಜವಾದ ಪರಿಹಾರ ಇದೇ. ಸೂತ್ರ ಇದರ ಬದಲಿಗೆ ಬರುವುದಿಲ್ಲ. ಹೊರಗೆ 26 ಡಿಗ್ರಿ, ಆರ್ದ್ರತೆ 95 ಇದ್ದರೆ, ಅದೇ ಗಾಳಿಯನ್ನು 31ಕ್ಕೆ ಬಿಸಿ ಮಾಡಿದಾಗ ಆರ್ದ್ರತೆ 71ಕ್ಕೆ, 34ಕ್ಕೆ ಮಾಡಿದಾಗ 60ಕ್ಕೆ ಇಳಿಯುತ್ತದೆ. ಎಂಟು ಡಿಗ್ರಿ ಸಾಕು. 20–25 ಸೆಂಟಿಮೀಟರ್ ಉದ್ದದ, ಒಳಗೆ 12 ಮಿಲಿಮೀಟರಿಗಿಂತ ಅಗಲದ ಅಲ್ಯೂಮಿನಿಯಂ ಅಥವಾ ತಾಮ್ರದ ಕೊಳವೆ, ಸುತ್ತ ಶಾಖ ತಡೆಯುವ ಟೇಪು, ಅದರ ಮೇಲೆ ನೈಕ್ರೋಮ್ ತಂತಿ, ಹೊರಗೆ ಫೋಮು. ಮೂರು ವ್ಯಾಟ್ ಸಾಲುತ್ತದೆ, ಏಕೆಂದರೆ ಗಾಳಿಗೆ ಬೇಕಾದದ್ದು ಅತಿ ಸ್ವಲ್ಪ, ಉಳಿದದ್ದು ಕೊಳವೆಯಿಂದ ಹೊರಗೆ ಹೋಗುವ ನಷ್ಟ. ಪ್ಲಾಸ್ಟಿಕ್ ಪೈಪು ಬೇಡ, ಸ್ಥಿರ ವಿದ್ಯುತ್ತಿಗೆ ಕಣ ಗೋಡೆಗೆ ಅಂಟುತ್ತದೆ. ಕೊಳವೆ ನೇರ ನಿಲ್ಲಬೇಕು, ಬಾಗು ಇರಬಾರದು. ಪಿಎಂಎಸ್‌ನ ಫ್ಯಾನು ಬಹಳ ದುರ್ಬಲ, ಕೊಳವೆ ಸಪೂರವಾದರೆ ಅದಕ್ಕೆ ಎಳೆಯಲು ಆಗುವುದಿಲ್ಲ. 40 ಡಿಗ್ರಿ ದಾಟಿಸಬೇಡಿ. ಅಮೋನಿಯಂ ನೈಟ್ರೇಟ್ ಮತ್ತು ಹೊಗೆಯ ಎಣ್ಣೆಯಂಶ ಆವಿಯಾಗಿ ಹೋಗಿ ಓದು ಇರಬೇಕಾದುದಕ್ಕಿಂತ ಕೆಳಗೆ ಬರುತ್ತದೆ. ಆರ್ದ್ರತೆ 70 ದಾಟಿದಾಗ ಮಾತ್ರ ಹೀಟರ್ ಓಡುವ ಹಾಗೆ ಇಎಸ್‌ಪಿಯಲ್ಲೇ ಬರೆಯಿರಿ.

ಹೀಟರ್ ಹಾಕುವವರೆಗೆ, ಆರ್ದ್ರತೆ 90ರ ಮೇಲಿದ್ದ ಗಂಟೆಗಳ ಅಂಕಿಯನ್ನು ಯಾರಿಗೂ ತೋರಿಸಬೇಡಿ. ಕಡತದಲ್ಲಿ ಇರಲಿ, ಪಕ್ಕದಲ್ಲಿ ‘ತೇವ’ ಎಂದು ಗುರುತು ಹಾಕಿ.

ಇನ್ನು ಕೋರೆಯ ದೂಳು. ಇದಕ್ಕೆ ಕ್ಯಾಲಿಬ್ರೇಶನ್ನೇ ಇಲ್ಲ. ಪಿಎಂಎಸ್ 5003 ಎರಡು ಮೈಕ್ರಾನಿಗಿಂತ ದೊಡ್ಡ ಕಣವನ್ನು ಸರಿಯಾಗಿ ಕಾಣುವುದಿಲ್ಲ. ದಪ್ಪ ಕಣ ಬಾಗಿದ ದಾರಿಯಲ್ಲೇ ಬಿದ್ದುಹೋಗುತ್ತದೆ, ಒಳಗೆ ತಲುಪಿದ ಒಂದೆರಡನ್ನು ಲೇಸರ್ ಎಣಿಸುವುದು ಅಪರೂಪ. ಅದು ಬರೆಯುವ ‘ಪಿಎಂ 10’ ಅಳೆದದ್ದಲ್ಲ, ಸಣ್ಣ ಕಣಗಳ ಎಣಿಕೆಯಿಂದ ಚಾಚಿ ಹೇಳಿದ್ದು. ಕಲ್ಲು ಕೊಯ್ಯುವಾಗ ಏಳುವ ದೂಳಿನ ತೂಕದ ಬಹುಪಾಲು ಇರುವುದು ದಪ್ಪ ಕಣದಲ್ಲಿ. ನಿಮ್ಮ 45 ಎಂಬ ಅಂಕಿಯನ್ನು ಹಿಡಿದು ಯಾರಾದರೂ ಕೋರೆಯ ಪಕ್ಕ ಗಾಳಿ ಚೆನ್ನಾಗಿದೆ ಎಂದರೆ, ಅಲ್ಲಿ ದಿನವಿಡೀ ಉಸಿರಾಡುವ ಕೆಲಸಗಾರರಿಗೆ ಅನ್ಯಾಯ ಆಗುತ್ತದೆ. ಪಿಎಂ 10 ಕಾಲಮನ್ನು ಪುಟದಿಂದಲೇ ತೆಗೆಯಿರಿ. ಅಲ್ಲಿಗೆ ಬೇಕಾದದ್ದು ಫಿಲ್ಟರಿನ ಪಿಎಂ 10 ಸ್ಯಾಂಪ್ಲರ್ (ಗಾಳಿ ಎಳೆದು ದೂಳನ್ನು ತೂಗಲು ಫಿಲ್ಟರಿನಲ್ಲಿ ಹಿಡಿಯುವ ಯಂತ್ರ), ಇಲ್ಲವಾದರೆ ದಪ್ಪ ಕಣಕ್ಕೆಂದೇ ಪಂಪು ಮತ್ತು ಗಾತ್ರವಾರು ಎಣಿಕೆ ಇರುವ ಆಪ್ಟಿಕಲ್ ಕೌಂಟರ್.

ಕದ್ರಿಯ ಅಂಕಿ ಹಿಡಿದು ಗುಣಕ ಹಾಕುವುದೂ ಸರಿಯಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕಣ್ಣೂರಿನ ತಾವಕ್ಕರ ಕೇಂದ್ರವೂ ದೂರವೇ. ಚಳಿಗಾಲದಲ್ಲಿ ಇಡೀ ಕರಾವಳಿಗೆ ಮಬ್ಬು ಕವಿದ ದಿನ ನಿಮ್ಮ ಅಂಕಿಯೂ ಏರಿತೇ ಎಂದು ನೋಡಲು ಅವು ಉಪಯೋಗ. ಕ್ಯಾಲಿಬ್ರೇಶನ್ ಎಂದರೆ ಎರಡೂ ಯಂತ್ರ ಒಂದೇ ಗಾಳಿ ಕುಡಿಯಬೇಕು.

ಫಿಲ್ಟರ್ 47 ಬರೆದದ್ದು:

ಮೇಲಿನದ್ದಕ್ಕೆ ನನ್ನ ಸಹಮತ ಇದೆ. ಒಂದು ಹೆಜ್ಜೆ ಸೇರಿಸುತ್ತೇನೆ: ಯಾವುದಕ್ಕೂ ಹೋಲಿಸುವ ಮೊದಲು ನಾಲ್ಕೂ ಸೆನ್ಸರ್ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ನಾಲ್ಕನ್ನೂ ವಾಚನಾಲಯದ ಒಂದೇ ಜಗಲಿಯಲ್ಲಿ, ಒಂದೇ ಎತ್ತರದಲ್ಲಿ ಒಂದು ವಾರ ಓಡಿಸಿ. ಗಂಟೆಯ ಸರಾಸರಿ ಹತ್ತು ಶೇಕಡಾದೊಳಗೆ ಹೊಂದಬೇಕು. ಹೊಂದದ ಒಂದನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಜೇಡ. ಫ್ಯಾನಿನ ಸೀಳಿನಲ್ಲಿ ಉಗುರಿನಷ್ಟು ಬಿಳಿ ಬಲೆ, ಅದರಲ್ಲಿ ಸಿಕ್ಕ ಕೆಂಪು ಹುಡಿ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಹೋಗುವುದಿಲ್ಲ, ಅಂಕಿ ಮಾತ್ರ ಬರುತ್ತಾ ಇರುತ್ತದೆ. ಬಾಯಿಗೆ ಒಂದು ಮಿಲಿಮೀಟರ್ ಕಣ್ಣಿನ ಸ್ಟೀಲ್ ಬಲೆ ಹಾಕಿ, ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ಷಿನಲ್ಲಿ ಒರೆಸಿ.

ಶೂನ್ಯ ಪರೀಕ್ಷೆಯೂ ಆಗಲೇ ಮುಗಿಸಿ. ಸೆನ್ಸರನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು, ಹೆಪಾ ಕಾರ್ಟ್ರಿಡ್ಜ್ (ಸಣ್ಣ ಕಣವನ್ನೂ ತಡೆಯುವ ಫಿಲ್ಟರ್) ಮೂಲಕ ಮಾತ್ರ ಗಾಳಿ ಬರುವ ಹಾಗೆ ಸಣ್ಣ ಪಂಪಿನಿಂದ ಒಳಗೆ ಒತ್ತಿರಿ. ಎಳೆಯುವುದಲ್ಲ, ಒತ್ತಬೇಕು. ಆಗ ಸೋರಿಕೆ ಇದ್ದರೂ ಗಾಳಿ ಒಳಗಿನಿಂದ ಹೊರಗೆ ಹೋಗುತ್ತದೆ, ಹೊರಗಿನ ದೂಳು ಒಳಗೆ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಓದು 0 ಅಥವಾ 1ಕ್ಕೆ ಬರಬೇಕು. 4, 5ರಲ್ಲೇ ನಿಂತರೆ ಲೇಸರಿನ ಕೋಣೆಯೊಳಗೆ ದೂಳು ಕೂತಿದೆ. ಅದನ್ನು ಸೂತ್ರದಲ್ಲಿ ಕಳೆಯಬೇಡಿ, ಸೆನ್ಸರ್ ಬದಲಿಸಿ.

ಹೋಲಿಕೆಗೆ ನಂಬಬಹುದಾದ ಮೂಲ ಎಂದರೆ ತೂಕ. ಹತ್ತಿರದ ಕಾಲೇಜಿನಲ್ಲಿ ಪಿಎಂ 2.5 ಸ್ಯಾಂಪ್ಲರ್ ಇದ್ದರೆ ಒಂದು ತಿಂಗಳಿಗೆ ಕೇಳಿ. ನಿಮಿಷಕ್ಕೆ 16.7 ಲೀಟರ್ ಎಳೆಯುವ, 47 ಮಿಲಿಮೀಟರ್ ಟೆಫ್ಲಾನ್ ಫಿಲ್ಟರಿನದ್ದು. ಅದು ಬಂದ ಕೂಡಲೇ ಸ್ಯಾಂಪಲ್ ತೆಗೆಯಲು ಹೋಗಬೇಡಿ, ಮೊದಲು ಸೋರಿಕೆ ಮತ್ತು ಫ್ಲೋ (ನಿಮಿಷಕ್ಕೆ ಎಳೆಯುವ ಗಾಳಿ) ನೋಡಿ. ಮೇಲಿನ ಟೋಪಿ ತೆಗೆದು, ಫ್ಲೋ ಕ್ಯಾಲಿಬ್ರೇಟರನ್ನು ಅದರ ಬಾಯಿಗೇ ಜೋಡಿಸಿ, ಒಳಗೆ ಶುದ್ಧ ಫಿಲ್ಟರ್ ಇಟ್ಟುಕೊಂಡು 15.0, 16.7, 18.3 ಮೂರೂ ಬಿಂದುಗಳಲ್ಲಿ ಹೋಲಿಸಿ. ಆಮೇಲೆ ವಾರಕ್ಕೊಮ್ಮೆ 16.7ರಲ್ಲಿ ಮಾತ್ರ ನೋಡಿದರೆ ಸಾಕು. 16.0ರಿಂದ 17.3ರ ಒಳಗಿದ್ದರೆ ಸರಿ.

ಫ್ಲೋ ಇಷ್ಟು ಮುಖ್ಯ ಯಾಕೆಂದರೆ ಅದು ತಪ್ಪಿದರೆ ಎರಡು ಕಡೆ ಹೊಡೆತ. ಗಾಳಿಯ ಗಾತ್ರ ತಪ್ಪುತ್ತದೆ, ಜೊತೆಗೆ ಕಣದ ಗಾತ್ರದ ಗೆರೆಯೂ ಸರಿಯುತ್ತದೆ. ಸ್ಯಾಂಪ್ಲರಿನೊಳಗಿನ ಇಂಪ್ಯಾಕ್ಟರ್ ಎಂಬ ಭಾಗ ದಪ್ಪ ಕಣವನ್ನು ತಡೆಯುವುದು ಗಾಳಿಯ ವೇಗದಿಂದ. ಫ್ಲೋ ಹತ್ತು ಶೇಕಡಾ ಇಳಿದರೆ 2.5 ಮೈಕ್ರಾನಿನ ಗೆರೆ 2.6ರ ಮೇಲೆ ಹೋಗುತ್ತದೆ. ಪೇಟೆಯ ಹೊಗೆಗೆ ಇದು ದೊಡ್ಡದಲ್ಲ. ಕೋರೆಯ ಪಕ್ಕದಲ್ಲಿ ಆ ಗೆರೆಯ ಆಚೆಯೇ ತೂಕವೆಲ್ಲ ಕಾದು ಕೂತಿರುತ್ತದೆ.

ಇಂಪ್ಯಾಕ್ಟರಿನ ಬಾವಿಯಲ್ಲಿ ಎಣ್ಣೆ ಸವರಿದ 37 ಮಿಲಿಮೀಟರ್ ಫಿಲ್ಟರ್ ಇರುತ್ತದೆ. ಸಾಮಾನ್ಯ ಜಾಗದಲ್ಲಿ ಐದು ಸ್ಯಾಂಪಲ್ಲಿಗೊಮ್ಮೆ ಬದಲಿಸುತ್ತಾರೆ. ಕೆಂಪುಕಲ್ಲಿನ ದೂಳಿರುವಲ್ಲಿ ಪ್ರತಿ ಸ್ಯಾಂಪಲ್ಲಿಗೂ ತೆರೆದು ನೋಡಿ. ನಡುಮಧ್ಯದಲ್ಲಿ, ಜೆಟ್ಟಿನ ನೇರ ಕೆಳಗೆ, ಸಾಸಿವೆ ಕಾಳಿನಷ್ಟು ಕೆಂಪು ಗುಡ್ಡೆ ಎದ್ದಿರುತ್ತದೆ. ಅದು ಎಣ್ಣೆಯ ಮೇಲಕ್ಕೆ ತಲೆ ಎತ್ತಿದರೆ ಮುಂದಿನ ಕಣ ಒಣ ಗುಡ್ಡೆಗೆ ಬಡಿದು ಪುಟಿದು ನಿಮ್ಮ ಫಿಲ್ಟರಿಗೇ ಬರುತ್ತದೆ. ಟೆಫ್ಲಾನ್ ಫಿಲ್ಟರ್ ಬೂದು ಬಣ್ಣದ ಬದಲು ತೆಳು ಕಾವಿ ಬಣ್ಣಕ್ಕೆ ತಿರುಗಿದರೆ ಹೀಗೇ ಆಗಿದೆ ಎಂದು ತಿಳಿಯಿರಿ.

ಪೆರ್ಲಪದವು ಬರೆದದ್ದು:

ತುಂಬ ಉಪಕಾರ. ಬಿಎಂಇ 280 ಹೊರಗೆ ತಂದೆವು, ಮುಂಜಾನೆಯ ಓದು 86ರಿಂದ 96ಕ್ಕೆ ಹೋಯಿತು. ಪಿಎಂ 10 ಕಾಲಮು ತೆಗೆದಾಯಿತು. ಸ್ಯಾಂಪ್ಲರ್ ಒಂದು ತಿಂಗಳಿಗೆ ಸಿಕ್ಕಿದೆ, ಆದರೆ ಫ್ಲೋ ಹೊಂದುತ್ತಿಲ್ಲ. ಸ್ಯಾಂಪ್ಲರಿನ ಪರದೆಯಲ್ಲಿ 16.7, ಬಾಯಿಗೆ ಜೋಡಿಸಿದ ಡಿಜಿಟಲ್ ಮೀಟರಿನಲ್ಲಿ 14.9. ಸೋರಿಕೆ ಪರೀಕ್ಷೆ ಪಾಸಾಗಿದೆ. ಆ ಹೊತ್ತಿಗೆ 32 ಡಿಗ್ರಿ, ಒತ್ತಡ 1008 ಹೆಕ್ಟೋಪ್ಯಾಸ್ಕಲ್. ಪಂಪು ಹೆಚ್ಚಿಸಿ 16.7 ಮಾಡಲೇ? ಮತ್ತು ಕಾಲೇಜಿನ ತಕ್ಕಡಿ ಐದು ದಶಮಾಂಶದ್ದು, ಅದು ಸಾಕಾಗುತ್ತದೆಯೇ?

ಫಿಲ್ಟರ್ 47 ಬರೆದದ್ದು:

ಪಂಪು ಮುಟ್ಟಬೇಡಿ. ಮೀಟರಿನ ಸೆಟ್ಟಿಂಗಿಗೆ ಹೋಗಿ ‘ಸ್ಟ್ಯಾಂಡರ್ಡ್’ ಉಷ್ಣತೆ ಎಷ್ಟಿದೆ ನೋಡಿ, ಸೊನ್ನೆ ಡಿಗ್ರಿ ಇರುತ್ತದೆ. ಲೆಕ್ಕ ಹಾಕಿ: 16.7 × (273 ÷ 305) × (1008 ÷ 1013) = 14.9. ಎರಡು ಯಂತ್ರಗಳೂ ಸರಿಯಾಗೇ ಹೇಳುತ್ತಿವೆ. ಒಂದು ಈಗಿನ ಗಾಳಿಯ ನಿಜವಾದ ಗಾತ್ರ ಹೇಳುತ್ತಿದೆ, ಇನ್ನೊಂದು ಅದೇ ಗಾಳಿಯನ್ನು ಸೊನ್ನೆ ಡಿಗ್ರಿಗೆ ತಂಪು ಮಾಡಿದರೆ ಎಷ್ಟಾಗುತ್ತದೆ ಎನ್ನುತ್ತಿದೆ. ಮೀಟರನ್ನು ‘ಆಕ್ಚುವಲ್’ ಅಥವಾ ‘ವಾಲ್ಯುಮೆಟ್ರಿಕ್’ಗೆ ಬದಲಿಸಿ. ಇಂಪ್ಯಾಕ್ಟರಿಗೆ ಗೊತ್ತಿರುವುದು ತನ್ನ ಜೆಟ್ಟಿನಲ್ಲಿ ಹಾಯುವ ನಿಜವಾದ ವೇಗ ಮಾತ್ರ. ನೀವು ಪಂಪು ಏರಿಸಿ 14.9ನ್ನು 16.7 ಮಾಡಿದ್ದರೆ ನಿಜದಲ್ಲಿ 18.7 ಲೀಟರ್ ಎಳೆದು ತಿಂಗಳ ಕೆಲಸವೆಲ್ಲ ಹಾಳಾಗುತ್ತಿತ್ತು. ಕೆಲವು ಮೀಟರಿನಲ್ಲಿ 25 ಡಿಗ್ರಿ ಸ್ಟ್ಯಾಂಡರ್ಡ್ ಇರುತ್ತದೆ. ಆಗ ವ್ಯತ್ಯಾಸ ಮೂರು ಶೇಕಡಾದ ಒಳಗೇ ಇದ್ದು ಕಣ್ಣಿಗೆ ಬೀಳದೆ ಹೋಗುತ್ತದೆ. ಅದು ಹೆಚ್ಚು ಅಪಾಯ.

ತಕ್ಕಡಿ: ಐದು ದಶಮಾಂಶ ಎಂದರೆ 10 ಮೈಕ್ರೋಗ್ರಾಂ. 24 ಗಂಟೆಗೆ ನೀವು ಎಳೆಯುವುದು 24 ಘನ ಮೀಟರ್. ಮಳೆಗಾಲದಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಇದ್ದರೆ ಫಿಲ್ಟರಿನ ಮೇಲೆ 360. ಎರಡು ಸಲ ತೂಗುವುದರಿಂದ ಬರುವ ತಪ್ಪು ನಾಲ್ಕು ಶೇಕಡಾ. ಆರು ದಶಮಾಂಶದ್ದು ಇದ್ದರೆ ಉತ್ತಮ, ಇಲ್ಲದಿದ್ದರೆ ಮಳೆಯ ದಿನಗಳಲ್ಲಿ ಒಂದೇ ಫಿಲ್ಟರನ್ನು 48 ಗಂಟೆ ಓಡಿಸಿ. ನಿಜವಾದ ಕಷ್ಟ ತಕ್ಕಡಿಯ ಅಂಕಿಯದ್ದಲ್ಲ, ಕೋಣೆಯದ್ದು. ಫಿಲ್ಟರನ್ನು ತೂಗುವ ಮೊದಲೂ ಆಮೇಲೂ 24 ಗಂಟೆ ಒಂದೇ ಸ್ಥಿತಿಯಲ್ಲಿ ಇಡಬೇಕು: 20ರಿಂದ 23 ಡಿಗ್ರಿ, ಆರ್ದ್ರತೆ 30ರಿಂದ 40. ನಮ್ಮ ಊರಿನ ಜುಲೈಯಲ್ಲಿ ಬರೀ ಏಸಿಯಿಂದ 40 ಆಗುವುದಿಲ್ಲ. ಸಿಲಿಕಾ ಜೆಲ್ ಡೆಸಿಕೇಟರ್ ಅತಿಯಾಗಿ ಒಣಗಿಸುತ್ತದೆ, ಹೊರಗೆ ತೆಗೆದ ಕ್ಷಣದಿಂದ ತೂಕ ಏರುತ್ತಾ ಹೋಗುತ್ತದೆ. ಬಿಗಿಯಾದ ಪೆಟ್ಟಿಗೆಯಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಒದ್ದೆ ಹಿಟ್ಟು ಇಟ್ಟರೆ 33 ಶೇಕಡಾದಲ್ಲಿ ನಿಲ್ಲುತ್ತದೆ, ಮೇಲೆ ಹೇಳಿದ ಉಪ್ಪಿನ ಉಪಾಯವೇ. ಹೊರಗೆ ತೆಗೆದು ಒಂದೇ ನಿಮಿಷದೊಳಗೆ ತೂಗಿ. ಟೆಫ್ಲಾನಿಗೆ ಸ್ಥಿರ ವಿದ್ಯುತ್ತು ಹಿಡಿಯುತ್ತದೆ, ತಕ್ಕಡಿಯ ಅಂಕಿ ಒಂದೇ ಕಡೆಗೆ ಜಾರುತ್ತಾ ಇದ್ದರೆ ಅದೇ ಕಾರಣ. ಅಯೊನೈಸರ್ ಮುಂದೆ ಹಿಡಿದು ಆಮೇಲೆ ಇಡಿ.

ಹತ್ತು ಫಿಲ್ಟರಿಗೆ ಒಂದನ್ನು ಖಾಲಿ ಒಯ್ದು, ಸ್ಯಾಂಪ್ಲರಿನಲ್ಲಿ ಕೂರಿಸಿ, ಪಂಪು ಹಾಕದೆ ತೆಗೆದು ಮರಳಿ ತೂಗಿ. 30 ಮೈಕ್ರೋಗ್ರಾಂಗಿಂತ ಹೆಚ್ಚು ಏರಿದ್ದರೆ ಕೈ, ಡಬ್ಬಿ, ಕೋಣೆ ಯಾವುದೋ ಒಂದು ಕೊಳಕು ಸೇರಿಸುತ್ತಿದೆ. ಗ್ಲಾಸ್ ಫೈಬರ್ ಫಿಲ್ಟರ್ ಅಗ್ಗಕ್ಕೆ ಸಿಗುತ್ತದೆಂದು ಇದಕ್ಕೆ ತರಬೇಡಿ, ನೀರೂ ಸಲ್ಫರ್ ಡೈಆಕ್ಸೈಡೂ ಅದಕ್ಕೆ ಹಿಡಿಯುತ್ತವೆ.

ಜೋಡಿಸುವಾಗ ನಾಲ್ಕೂ ಸೆನ್ಸರ್ ಸ್ಯಾಂಪ್ಲರಿನಿಂದ ಒಂದರಿಂದ ನಾಲ್ಕು ಮೀಟರ್ ದೂರದಲ್ಲಿ, ಬಾಯಿಗಳ ಎತ್ತರದ ವ್ಯತ್ಯಾಸ ಒಂದು ಮೀಟರಿನೊಳಗೆ. ನೆಲದಿಂದ 3ರಿಂದ 10 ಮೀಟರ್ ಮೇಲೆ, ವಾಚನಾಲಯದ ತಾರಸಿ ಆಗಬಹುದು. ಅಡಿಗೆಮನೆಯ ಹೊಗೆಗೊಳವೆ ಹತ್ತಿರ ಇರಬಾರದು. ಇಪಿಎ 2021ರಲ್ಲಿ ಅಗ್ಗದ ಸೆನ್ಸರುಗಳಿಗೆ ಕೊಟ್ಟ ಪರೀಕ್ಷಾ ಕ್ರಮದಲ್ಲಿ 30 ದಿನ, ಬೇರೆ ಬೇರೆ ಹವೆಯಲ್ಲಿ ಎರಡು ಸಲ ಎಂದಿದೆ. ದಿನದ ಸರಾಸರಿಗಳಲ್ಲಿ ಸೆನ್ಸರನ್ನು ಸ್ಯಾಂಪ್ಲರಿಗೆ ಹೋಲಿಸಿ ಎಳೆದ ಗೆರೆಯ ಇಳಿಜಾರು 0.65ರಿಂದ 1.35, ಆರ್ ವರ್ಗ (ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಂಕಿ) 0.70ರ ಮೇಲೆ, ಛೇದ (ಸ್ಯಾಂಪ್ಲರ್ ಸೊನ್ನೆ ಇರುವಲ್ಲಿ ಗೆರೆಯ ಅಂಕಿ) ಐದರೊಳಗೆ, ತಪ್ಪಿನ ವರ್ಗಮೂಲ ಸರಾಸರಿ 7 ಮೈಕ್ರೋಗ್ರಾಂ ಒಳಗೆ. ಅವರ ಸೂತ್ರ ನಮಗೆ ಬೇಡ, ಈ ಅಳತೆಗೋಲು ಬೇಕು.

ಈ ತಿಂಗಳಲ್ಲಿ ಸಿಗುವ ಗೆರೆ ಮಳೆಗಾಲದ್ದು ಮಾತ್ರ. ಸ್ಯಾಂಪ್ಲರನ್ನು ಜನವರಿ–ಫೆಬ್ರವರಿಗೆ ಇನ್ನೊಂದು ತಿಂಗಳು ಈಗಲೇ ಕೇಳಿಟ್ಟುಕೊಳ್ಳಿ. ಎರಡು ಕಾಲದ ಬಿಂದುಗಳನ್ನು ಒಂದೇ ಗ್ರಾಫಿನಲ್ಲಿ ಬೆರೆಸಿ ಒಂದೇ ಗೆರೆ ಎಳೆದರೆ ಆರ್ ವರ್ಗ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಒಂದು ಗುಂಪು ಕೆಳಗೆ, ಒಂದು ಗುಂಪು ಮೇಲೆ ಇರುತ್ತದೆ. ಆದರೆ ಒಂದೊಂದು ಗುಂಪಿನೊಳಗೆ ಗೆರೆ ಎರಡಕ್ಕೂ ತಪ್ಪಾಗಿರುತ್ತದೆ. ಬೇರೆ ಬಣ್ಣದಲ್ಲಿ ಹಾಕಿ, ಮೊದಲು ಕಣ್ಣಿನಿಂದ ನೋಡಿ.

ಮಂಜೇಶ್ವರ ಮಾಪನ ಬರೆದದ್ದು:

ನೈಟ್ರೋಜನ್ ಡೈಆಕ್ಸೈಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಬರೆಯುತ್ತೇನೆ.

ಆ ಸೆನ್ಸರಿಗೆ ಸಿಲಿಂಡರಿನ ಅನಿಲ ಬಿಟ್ಟು ಕ್ಯಾಲಿಬ್ರೇಟ್ ಮಾಡುವ ಆಸೆ ಬಿಡಿ. ಸಿಲಿಂಡರಿನ ಅನಿಲ ಪೂರ್ತಿ ಒಣಗಿದ್ದು. ಎಲೆಕ್ಟ್ರೋಕೆಮಿಕಲ್ ಕೋಶದೊಳಗೆ ಆಮ್ಲದ ದ್ರಾವಣ ಇದೆ, ಕುಂಬಳೆಯ 85 ಶೇಕಡಾ ಗಾಳಿಯಿಂದ ಒಮ್ಮೆಲೇ ಒಣ ಅನಿಲಕ್ಕೆ ಹಾಕಿದರೆ ಓದು ಜಿಗಿದು ಗಂಟೆಗಟ್ಟಲೆ ಇಳಿಯುವುದಿಲ್ಲ. ಆ ಜಿಗಿತವನ್ನೇ ನೀವು ಅನಿಲದ ಗುರುತು ಎಂದುಕೊಳ್ಳುತ್ತೀರಿ. ಇದನ್ನೂ ಒಂದು ಕೇಂದ್ರದ ಅನಲೈಸರ್ (ಅನಿಲ ಅಳೆಯುವ ಯಂತ್ರ) ಪಕ್ಕದಲ್ಲೇ ಇಟ್ಟು ಹೋಲಿಸಬೇಕು, ಕನಿಷ್ಠ ಎರಡು ವಾರ. ಕದ್ರಿಯೋ ಕಣ್ಣೂರೋ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಟ್ಟು ಕೇಂದ್ರದ ತಾರಸಿಯಲ್ಲಿ ಜಾಗ ಕೇಳಿ. ಕೋಶದ ಎರಡೂ ಎಲೆಕ್ಟ್ರೋಡಿನ, ಅಂದರೆ ವರ್ಕಿಂಗ್ ಮತ್ತು ಆಕ್ಸಿಲರಿಯ, ಮಿಲಿವೋಲ್ಟನ್ನು ಹಾಗೇ ಬರೆದಿಡಿ. ಉಷ್ಣತೆಯ ಜೊತೆ ಶೂನ್ಯರೇಖೆ ಸರಿಯುತ್ತದೆ, ಅದನ್ನು ಕಳೆಯಲು ಆಕ್ಸಿಲರಿ ಬೇಕು. ಓಝೋನಿಗೂ ಈ ಕೋಶ ಪ್ರತಿಕ್ರಿಯಿಸುತ್ತದೆ. ಓಝೋನ್ ಫಿಲ್ಟರ್ ಇರುವ ಮಾದರಿಯಲ್ಲಿ ಆ ಫಿಲ್ಟರ್ ಕಾಲಕ್ರಮೇಣ ತೀರುತ್ತದೆ. ಬಿಸಿಲೇರಿದ ಮಧ್ಯಾಹ್ನ, ವಾಹನ ಕಡಿಮೆ ಇರುವಾಗ, ನಿಮ್ಮ ಓದು ಏರಲು ಶುರುವಾದರೆ ಫಿಲ್ಟರ್ ತೀರಿದೆ ಎಂದು ಮೊದಲು ಅನುಮಾನಿಸಿ.

ಹೋಲಿಸುವ ಅನಲೈಸರಿನ ಕ್ಯಾಲಿಬ್ರೇಶನ್ ಯಾವಾಗ ಆಗಿದೆ ಎಂದು ಕೇಳಲು ಸಂಕೋಚ ಬೇಡ. ಅಲ್ಲಿ ನೈಟ್ರಿಕ್ ಆಕ್ಸೈಡ್ ಸಿಲಿಂಡರನ್ನು ಶೂನ್ಯ ಗಾಳಿಯಲ್ಲಿ (ಮಾಲಿನ್ಯ ತೆಗೆದ ಗಾಳಿಯಲ್ಲಿ) ತೆಳು ಮಾಡಿ ಕೊಡುತ್ತಾರೆ. 50 ಪಿಪಿಎಂ ಸಿಲಿಂಡರಿನಿಂದ 400 ಪಿಪಿಬಿ ಬೇಕಾದರೆ 125 ಪಟ್ಟು: ಐದು ಲೀಟರ್ ಶೂನ್ಯ ಗಾಳಿಗೆ 40.3 ಮಿಲಿಲೀಟರ್ ಅನಿಲ. ರೆಗ್ಯುಲೇಟರ್ ಸ್ಟೀಲಿನದ್ದೇ ಇರಬೇಕು ಮತ್ತು ನಾಲ್ಕೈದು ಸಲ ತುಂಬಿಸಿ ಖಾಲಿ ಮಾಡಬೇಕು. ಒಳಗೆ ಉಳಿದ ಗಾಳಿಯ ಆಮ್ಲಜನಕ ಸೇರಿದರೆ ನೈಟ್ರಿಕ್ ಆಕ್ಸೈಡ್ ಅಲ್ಲೇ ಡೈಆಕ್ಸೈಡ್ ಆಗಿ, ಸ್ಪ್ಯಾನ್ (ಗೊತ್ತಿರುವ ಪ್ರಮಾಣದ ಅನಿಲಕ್ಕೆ ಬರುವ ಓದು) ಕಡಿಮೆ ಕಾಣುತ್ತದೆ. ಆಮೇಲೆ ಓಝೋನ್ ಬೆರೆಸಿ ಕನ್ವರ್ಟರಿನ (ಡೈಆಕ್ಸೈಡನ್ನು ಅಳೆಯಲು ನೈಟ್ರಿಕ್ ಆಕ್ಸೈಡ್ ಮಾಡುವ ಭಾಗದ) ದಕ್ಷತೆ ನೋಡುತ್ತಾರೆ. 96 ಶೇಕಡಾಕ್ಕಿಂತ ಕೆಳಗಿದ್ದರೆ ಆ ಕನ್ವರ್ಟರ್ ಬದಲಾಗಬೇಕು, ಅದಕ್ಕೆ ಹೋಲಿಸಿ ನೀವು ತೆಗೆದ ಗುಣಕಕ್ಕೂ ಬೆಲೆ ಇಲ್ಲ.

ಕರಾವಳಿಯ ಕೇಂದ್ರದಲ್ಲಿ ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ಹೊರಗಿನ ಗಾಳಿಯ ಇಬ್ಬನಿ ಬಿಂದು 24, 25 ಡಿಗ್ರಿ. ಕೋಣೆಯ ಏಸಿ 22ಕ್ಕೆ ಇಟ್ಟರೆ ಸ್ಯಾಂಪಲ್ ಬರುವ ಟೆಫ್ಲಾನ್ ಕೊಳವೆಯ ಒಳಗೆ ಹನಿ ಕಟ್ಟುತ್ತದೆ. ಟಾರ್ಚ್ ಹಿಡಿದರೆ ಬಾಗಿದ ಕಡೆ ಸಾಲಾಗಿ ಮಿನುಗುವ ಹನಿಗಳು ಕಾಣುತ್ತವೆ. ಸಲ್ಫರ್ ಡೈಆಕ್ಸೈಡ್ ಆ ನೀರಿನಲ್ಲೇ ಕರಗಿ ಉಳಿಯುತ್ತದೆ. ಸಿಲಿಂಡರಿನ ಒಣ ಅನಿಲ ಅನಲೈಸರಿನ ಹಿಂದಿನಿಂದ ಹೋಗುವುದರಿಂದ ಕ್ಯಾಲಿಬ್ರೇಶನ್ ಮಾತ್ರ ಚೊಕ್ಕವಾಗಿ ಪಾಸಾಗುತ್ತದೆ. ಏಸಿಯ ಗಾಳಿ ನೇರ ಕೊಳವೆಗೆ ಬೀಳದಂತೆ ಮಾಡಿ, ಕೊಳವೆಗೆ ಫೋಮು ಸುತ್ತಿ, ಕೋಣೆಯನ್ನು 26–27ಕ್ಕೆ ಏರಿಸಿದರೆ ಸರಿಹೋಗುತ್ತದೆ. ಕೋಣೆಯ ಉಷ್ಣತೆ ಬದಲಿಸಿದ ಮೇಲೆ ಶೂನ್ಯ ಮತ್ತು ಸ್ಪ್ಯಾನ್ ಮತ್ತೊಮ್ಮೆ ನೋಡಬೇಕು.

ಪೆರ್ಲಪದವು ಬರೆದದ್ದು:

ಮೀಟರಿನಲ್ಲಿ ಸೊನ್ನೆ ಡಿಗ್ರಿಯೇ ಇತ್ತು. ಬದಲಿಸಿದ ಮೇಲೆ 16.6. ಕೊನೆಯ ಪ್ರಶ್ನೆ: ಇಲ್ಲಿ ಗಾಳಿಮಳೆಗೆ ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತದೆ. ಸ್ಯಾಂಪ್ಲರ್ ನಿಂತುಹೋಗುತ್ತದೆ, ನಮ್ಮ ಪೆಟ್ಟಿಗೆಗಳು ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತವೆ. ಆ ದಿನಗಳನ್ನು ಬಿಡಬೇಕೇ?

ಫಿಲ್ಟರ್ 47 ಬರೆದದ್ದು:

ಅಧಿಕೃತ ವರದಿಗಾದರೆ 23 ಗಂಟೆಗಿಂತ ಕಡಿಮೆ ಓಡಿದ ಫಿಲ್ಟರ್ ಲೆಕ್ಕಕ್ಕಿಲ್ಲ. ಸೆನ್ಸರ್ ಹೋಲಿಕೆಗೆ ಹಾಗಲ್ಲ. ಸ್ಯಾಂಪ್ಲರ್ ಒಟ್ಟು ಓಡಿದ ನಿಮಿಷವನ್ನೂ, ಪ್ರತಿ ಸಲ ನಿಂತ ಮತ್ತು ಹತ್ತಿದ ಸಮಯವನ್ನೂ ಬರೆದಿಡುತ್ತದೆ. ಇಡದ ಮಾದರಿಯಾದರೆ ಅದರ ಪ್ಲಗ್ಗಿಗೇ ಒಂದು ಹಳೆಯ ಮೊಬೈಲ್ ಚಾರ್ಜರ್ ಹಾಕಿ, ಅದರ ಐದು ವೋಲ್ಟನ್ನು ಎರಡು ರೆಸಿಸ್ಟರಿನಲ್ಲಿ ಮೂರಕ್ಕೆ ಇಳಿಸಿ ಇಎಸ್‌ಪಿಯ ಒಂದು ಕಾಲಿಗೆ ಕೊಡಿ. ಕರೆಂಟು ಇದ್ದ ನಿಮಿಷಕ್ಕೆ 1, ಇಲ್ಲದ ನಿಮಿಷಕ್ಕೆ 0 ಎಂದು ಕಡತದಲ್ಲೇ ಬರುತ್ತದೆ. ಸೆನ್ಸರಿನ ಸರಾಸರಿಯನ್ನು 1 ಇರುವ ನಿಮಿಷಗಳಿಂದ ಮಾತ್ರ ತೆಗೆಯಿರಿ, ಫಿಲ್ಟರಿನ ಗಾಳಿಯ ಗಾತ್ರವನ್ನೂ ಓಡಿದ ನಿಮಿಷಕ್ಕೆ ಲೆಕ್ಕ ಹಾಕಿ. 18 ಗಂಟೆಗಿಂತ ಕಡಿಮೆಯಾದರೆ ಬಿಟ್ಟುಬಿಡಿ, ಫಿಲ್ಟರಿನ ಮೇಲಿನ ತೂಕ ತಕ್ಕಡಿಗೆ ಸಾಲದಾಗುತ್ತದೆ. ಕರೆಂಟು ಮರಳಿದ ಮೇಲಿನ ಮೊದಲ ಐದು ನಿಮಿಷವನ್ನು ಸೆನ್ಸರಿನಿಂದಲೂ ತೆಗೆಯಿರಿ. ಹೀಟರ್ ಕೊಳವೆ ಆ ಹೊತ್ತಿಗೆ ತಣ್ಣಗಾಗಿರುತ್ತದೆ, ಬೆಚ್ಚಗಾಗುವವರೆಗೆ ಅದು ಓದುವುದು ಮತ್ತೆ ನೀರನ್ನೇ.